ಒಂದೇ ತಾಯಿಯ ಕಣಜಗಳು

ಹತ್ತೊಂಬತ್ತು ವರ್ಷ ಕೂತು ಕೆಲಸ ಮಾಡಿದ ಆ ಕೋಣೆಯನ್ನು ನೆನೆದರೆ ಚಿತ್ರಗಾರ್ತಿಯ ಮೂಗಿಗೆ ಈಗಲೂ ನುಸಿಗುಳಿಗೆಯ ವಾಸನೆ ಬಡಿಯುತ್ತದೆ. ಕಿಟಕಿಯ ಪಕ್ಕ ಅವಳ ಮೇಜು, ಎದುರಿಗೆ ಅವಳಿಗೆ ಕೆಲಸ ಕಲಿಸಿದ ಕೀಟಶಾಸ್ತ್ರದ ಮೇಷ್ಟ್ರದು. ಸುತ್ತ ಡಬ್ಬಿಗಳಲ್ಲಿ ಸೂಜಿಗೆ ಸಿಕ್ಕಿಸಿಟ್ಟ ಸಾವಿರಾರು ಕಣಜಗಳು. ಅವುಗಳ ಜಾತಿ ಗುರುತಿಸುವುದು ಅವರ ಕೆಲಸ, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುವುದು ಅವಳದು.

ಈ ಕಣಜಗಳು ಗೂಡು ಕಟ್ಟುವಂಥವಲ್ಲ. ಕಂಬಳಿಹುಳದ ಮೈಯೊಳಗೇ ಮೊಟ್ಟೆಯಿಡುತ್ತವೆ. ಮರಿ ಒಳಗಿನಿಂದ ತಿನ್ನುತ್ತಾ ಬೆಳೆಯುತ್ತದೆ, ಹುಳ ಬೇಗ ಸಾಯದಂತೆ ಪ್ರಾಣಕ್ಕೆ ಬೇಕಾದ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. "ಉಂಡ ಮನೆಗೆ ಎರಡು ಬಗೆಯೋದನ್ನ ಇವುಗಳಿಂದ ಕಲೀಬೇಕು" ಎಂದು ಮೇಷ್ಟ್ರು ನಗುತ್ತಿದ್ದರು. ಮೊಟ್ಟೆಯಿಡುವ ಇದೇ ಕೊಳವೆ ಕಾಲಾಂತರದಲ್ಲಿ ಜೇನಿನ, ಇರುವೆಯ ಕೊಂಡಿಯಾಯಿತೆಂದೂ, ಅದಕ್ಕೇ ಕುಟುಕುವುದೆಲ್ಲ ಹೆಣ್ಣೇ ಎಂದೂ ಹೇಳಿಕೊಟ್ಟವರು ಅವರೇ.

ಅವರೇ ಹೆಸರಿಟ್ಟ ಒಂದು ಕಣಜ ಅವರಿಗೆ ಬಲು ಅಚ್ಚುಮೆಚ್ಚು. ಎಳ್ಳುಕಾಳಿಗಿಂತ ಚಿಕ್ಕದು. ತೀರಿಕೊಂಡ ಹೆಂಡತಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು. ಅದರ ಚಿತ್ರ ಬರೆಯುವಾಗಲೇ ಚಿತ್ರಗಾರ್ತಿಗೆ ಅನುಮಾನ ಹುಟ್ಟಿತು. ಹಿಂದೆಂದೋ ಬೇರೊಬ್ಬರು ಹೆಸರಿಟ್ಟಿದ್ದ ದೊಡ್ಡ ಕಣಜಕ್ಕೂ ಇದಕ್ಕೂ ಗಾತ್ರ ಬಿಟ್ಟರೆ ವ್ಯತ್ಯಾಸವೇ ಇರಲಿಲ್ಲ. ಮೀಸೆಯ ಗಂಟುಗಳು, ರೆಕ್ಕೆಯ ನರಗಳು, ಎಲ್ಲ ಒಂದೇ ಅಚ್ಚು. ಎರಡು ದಿನ ಅವನ್ನು ಮತ್ತೆ ಮತ್ತೆ ಪಕ್ಕಪಕ್ಕ ಇಟ್ಟು ನೋಡಿದಳು. ಮೂರನೆಯ ದಿನ, ಎರಡೂ ಒಂದೇ ಜಾತಿಯಿರಬೇಕು ಎಂದು ಹೇಳಿಯೇಬಿಟ್ಟಳು.

ಮೇಷ್ಟ್ರು ಮುಖ ಗಂಟಿಕ್ಕಿಕೊಂಡರು. ವಾರ ಕಳೆದು ಒಂದು ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ಎರಡು ಗಾಜಿನ ಬಾಟಲಿ: ಒಂದರಲ್ಲಿ ಸಣ್ಣ ಜಾತಿಯ ಕಂಬಳಿಹುಳಗಳು, ಇನ್ನೊಂದರಲ್ಲಿ ದಪ್ಪ ಜಾತಿಯವು. ಒಂದೇ ತಾಯಿ ಕಣಜವನ್ನು ಒಂದಾದ ಮೇಲೊಂದರಂತೆ ಎರಡರಲ್ಲೂ ಬಿಟ್ಟಿದ್ದರು. ಹದಿನಾರನೆಯ ದಿನ ಸಣ್ಣ ಹುಳಗಳಿಂದ ಚಿಕ್ಕ ಕಣಜಗಳು ಬಂದವು, ದಪ್ಪ ಹುಳಗಳಿಂದ ದೊಡ್ಡವು. ಉಂಡದ್ದಕ್ಕೆ ತಕ್ಕ ಮೈ, ಅಷ್ಟೇ.

ಜಾತಿ ಒಂದೇ ಎಂದಾದರೆ ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬುದು ಆ ವಿದ್ಯೆಯ ಕಟ್ಟಳೆ. ಹೆಂಡತಿಯ ಹೆಸರು ಅಳಿಸಿಹೋಗುತ್ತದೆ. ಚಿತ್ರಗಾರ್ತಿಯ ಕಣ್ಣು ತುಂಬಿ ಬಂತು.

"ನಾನು ಸುಮ್ನಿರಬೇಕಿತ್ತು ಸಾರ್" ಎಂದಳು.

"ಇಲ್ಲಮ್ಮ. ಅವಳಿದ್ದಿದ್ರೆ, ತಪ್ಪಿಗೆ ಯಾಕ್ರೀ ನನ್ನ ಹೆಸರು ಇಟ್ಕೊಂಡಿದೀರಿ ಅಂತ ಅವಳೇ ಬೈತಿದ್ಲು."

ಡಬ್ಬಿಯ ಮೇಲಿನ ಚೀಟಿಯನ್ನು ಮೇಷ್ಟ್ರು ಮೆಲ್ಲಗೆ ಬಿಡಿಸಿದರು. ಈ ತಿದ್ದುಪಡಿಯ ಲೇಖನ ಬರೆಯುವಾಗ ಚಿತ್ರಗಾರ್ತಿಯ ಹೆಸರನ್ನು ಮೊದಲು ಹಾಕಿ ತಮ್ಮದನ್ನು ಅದರ ಕೆಳಗೆ ಬರೆದರು. ಆ ಸಂಜೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಹೆಂಡತಿ ಹೇಗೆ ನಗುತ್ತಿದ್ದಳು, ಯಾವ ಹಾಡಿನಲ್ಲಿ ಶ್ರುತಿ ತಪ್ಪುತ್ತಿದ್ದಳು ಎಂದೆಲ್ಲ ಹೇಳುತ್ತ ಕೂತರು. ದೀಪ ಹಾಕುವುದನ್ನೂ ಮರೆತು ಚಿತ್ರಗಾರ್ತಿ ಕೇಳುತ್ತಿದ್ದಳು.