ದಾಳಿಂಬದ ಬಗ್ಗುಜೋಳಕ್ಕೊಂದು ವಿಳಾಸ

ಮೂರನೆಯ ದಿನ ಬೆಳಿಗ್ಗೆ ಚಂಪಾಬಾಯಿ ಒದ್ದೆ ಬಟ್ಟೆಯ ಗಂಟು ಬಿಚ್ಚಿದಳು. ಬೀಜ ಮೊಳೆಯುತ್ತದೋ ಇಲ್ಲವೋ ನೋಡಲು ನೂರು ಕಾಳು ಎಣಿಸಿ ಕಟ್ಟಿದ್ದಳು. ಒಂದೇ ಒಂದು ಕಾಳಾದರೂ ಮೊಳೆತಿರಬೇಕಲ್ಲ? ಊಹೂಂ. ಎಲ್ಲ ಕಪ್ಪಾಗಿ ಮುಗ್ಗಲು ವಾಸನೆ ಹೊಡೆಯುತ್ತಿದ್ದವು.

"ಏನ್ರೀ, ಇಲ್ಲಿ ಬರ್ರಿ ಜರಾ" ಎಂದು ಗಂಡ ವೀರಭದ್ರನನ್ನು ಕರೆದಳು.

ಈ ಸಲ ಮಳೆ ಯಾರನ್ನೂ ಬಿಟ್ಟಿರಲಿಲ್ಲ ಬಿಡಿ. ಕನ್ನಡ-ಮರಾಠಿ ಗಡಿಯ ಉಮರ್ಗಾ ತಾಲ್ಲೂಕಿನ ದಾಳಿಂಬ ಎಂಬ ಊರಲ್ಲಿ ಎಂಟು ದಿನ ಜಡಿ ಹಿಡಿದು ಚಂಪಾಬಾಯಿಯ ಮನೆಯ ಹಿಂದಿನ ಗೋಡೆ ನೆನೆದಿತ್ತು. ಗೋಡೆಗೆ ಒತ್ತಿ ಇಟ್ಟಿದ್ದ ಬೀಜದ ಗಡಿಗೆಗೂ ತಂಪು ಇಳಿದಿತ್ತು. ಬೂದಿ ಹಾಕಿದ್ದಳು, ಬೇವಿನ ಎಲೆ ಹಾಕಿದ್ದಳು, ಬಾಯಿಗೆ ಸೆಗಣಿ ಮೆತ್ತಿದ್ದಳು. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಗಡಿಗೆಯಲ್ಲಿದ್ದದ್ದು ಬಗ್ಗುಜೋಳ. ಅದರ ತೆನೆ ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನಿಲ್ಲುತ್ತದೆ. ಹಕ್ಕಿಗೆ ಕೂತು ತಿನ್ನಲು ಜಾಗ ಸಿಗುವುದಿಲ್ಲ. ಅದರ ರೊಟ್ಟಿ ಮರುದಿನ ಸಂಜೆಯವರೆಗೂ ಮೆತ್ತಗಿರುತ್ತದೆ. ಊರಲ್ಲಿ ಎಲ್ಲರೂ ಅಂಗಡಿಯ ಬೀಜ ಹಿಡಿದರೂ ಈ ಮನೆಯವರು ಇದನ್ನು ಬಿಟ್ಟಿರಲಿಲ್ಲ. ಅತ್ತೆ ಮೀರಾಬಾಯಿ ಸಾಯುವ ಮುಂಚೆ ಗಡಿಗೆ ಕೈಗಿಟ್ಟು, "ಜ್ವಾಪಾನ ಮಾಡವ್ವಾ" ಎಂದಿದ್ದಳು. ಸೊಸೆ ಜೋಪಾನ ಮಾಡಿದ್ದಳು. ಎಷ್ಟು ಜೋಪಾನವೆಂದರೆ, ತವರಿನವರು ಕೇಳಿದರೂ ಒಂದು ಹಿಡಿ ಕೊಟ್ಟಿರಲಿಲ್ಲ.

"ಹೋಗ್ಲಿ ಬಿಡ, ಉಮರ್ಗಾದಿಂದ ಒಂದ್ ಚೀಲ ಬೀಜ ತರ್ತೀನಿ" ಎಂದ ವೀರಭದ್ರ.

"ಚೀಲದಾಗ ಬಗ್ಗುಜ್ವಾಳ ಬರ್ತದೇನ್ರೀ? ನಾಕ್ ತಲಿಮಾರಿನ ಬೀಜ ನನ್ನ ಕೈಯಾಗ ಸತ್ತುಹೋತು. ಅತ್ತಿಯವ್ರಿಗೆ ಏನಂತ ಹೇಳ್ಲಿ?" ಎಂದು ಚಂಪಾಬಾಯಿ ಸೆರಗು ಬಾಯಿಗೆ ಹಿಡಿದಳು.

ಉತ್ತರಿ ಮಳೆ ಮುಗಿಯುತ್ತ ಬಂದಿತ್ತು. ಹಸ್ತ ಮಳೆಯ ಹದಕ್ಕೆ ಬಿತ್ತಬೇಕು. ಹದಿನೈದು ದಿನದೊಳಗೆ ಬೀಜ ಸಿಗದಿದ್ದರೆ ಬಗ್ಗುಜೋಳದ ಕಥೆ ಮುಗಿದಂತೆ.

ಆಗ ಅವಳಿಗೆ ಸಾರಿಕಾ ನೆನಪಾದಳು. ನೆನಪಾದದ್ದೇ ಮುಖ ಸಣ್ಣದಾಯಿತು.

ಸಾರಿಕಾ ಎಂದರೆ ಕಾಸಾರಶಿರಸಿಯ ಅಮರಯ್ಯನವರ ಸೊಸೆ. ಅಮರಯ್ಯ ಜಂಗಮರು, ಈ ಮನೆಗೆ ತಲೆತಲಾಂತರದ ಅಯ್ಯಗಳು. ಎರಡು ವರ್ಷದ ಹಿಂದೆ ಸಾರಿಕಾ ತನ್ನ ಬಚತ್ ಗಟದ, ಅಂದರೆ ಉಳಿತಾಯ ಸಂಘದ ಹೆಂಗಸರೊಂದಿಗೆ ದಾಳಿಂಬಕ್ಕೆ ಬಂದಿದ್ದಳು. ಹಳೆಯ ಬೀಜಗಳ ವಿವರ ಬರೆದುಕೊಂಡು ಆನ್‌ಲೈನ್ ಹಾಕುತ್ತೇವೆ ಎಂದಿದ್ದಳು. ಚಂಪಾಬಾಯಿ ಚಹಾ ಕೊಟ್ಟಳು, ಬೀಜದ ವಿವರ ಕೊಡಲಿಲ್ಲ. "ನಮ್ಮ ಮನಿ ಗುಟ್ಟು ಊರಿಗೆಲ್ಲ ಯಾಕ್ರೀ? ಫೋನಿನಾಗ ಹಾಕಿದ್ರ ಜ್ವಾಳ ಮೊಳಕಿ ಬರ್ತದೇನು?" ಎಂದು ನಕ್ಕು ಕಳಿಸಿದ್ದಳು.

ಈಗ ಯಾವ ಮುಖ ಹೊತ್ತು ಹೋಗುವುದು? ಆದರೂ ಹೋದಳು. ಬೀಜದ ಸಂಕಟದ ಮುಂದೆ ಮುಖದ ಸಂಕಟ ದೊಡ್ಡದಲ್ಲ. ಗಂಡನನ್ನೂ ಎಳೆದುಕೊಂಡು ಆಟೋದಲ್ಲಿ ಉಮರ್ಗಾಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಕಾಸಾರಶಿರಸಿಗೆ ಬಂದಳು.

"ಶರಣ್ರೀ ಅಪ್ಪಾರ" ಎಂದು ಅಮರಯ್ಯನವರ ಕಾಲಿಗೆ ಬಿದ್ದಳು.

"ಶರಣು ಶರಣು. ಕೂಡವ್ವಾ ಚಂಪಾ. ಮಾರಿ ಯಾಕ ಹಿಂಗಾಗ್ಯದ?"

ಚಂಪಾಬಾಯಿ ಎಲ್ಲವನ್ನೂ ಹೇಳಿದಳು. ಒಳಗಿಂದ ನೀರು ತಂದ ಸಾರಿಕಾ ಕೇಳಿಸಿಕೊಂಡಳು. ಹಳೆಯ ಮಾತು ಎತ್ತಲಿಲ್ಲ. ದೊಡ್ಡ ಮನಸ್ಸಿನ ಹೆಣ್ಣು ಅದು.

"ಮಾವಶಿ, ಹುಡುಕೂನು" ಎಂದು ಫೋನು ತೆಗೆದಳು. "ಮೊದ್ಲು ನಾವೂ ತಪ್ಪು ಮಾಡಿದ್ವಿ. ಬೀಜದ ವಿವರ ಬರದ ವಹಿ ಪುಸ್ತಕದ ಪುಟದ ಫೋಟೋ ತಗದು ವಾಟ್ಸಾಪಿನಾಗ ಹಾಕಿದ್ವಿ. ಎಲ್ಲರೂ ಕೈಮುಗಿದ್ರು, ಮೂರ್ ದಿನಕ್ಕ ಮರತ್ರು. ಫೋಟೋದಾಗ ಏನದ ಅಂತ ಹುಡುಕ್ಲಿಕ್ಕಿ ಬರಂಗಿಲ್ಲ. ಈಗ ಹಂಗಿಲ್ಲ. ಒಂದೊಂದು ಬೀಜಕ್ಕ ಒಂದೊಂದು ವಿಳಾಸ ಕೊಟ್ಟೀವಿ. ಇದಕ್ಕ ಲಿಂಕ್ಡ್ ಡೇಟಾ ಅಂತಾರ. ನಾವು ಕೊಂಡಿ ಮಾಹಿತಿ ಅಂತೀವಿ."

"ಬೀಜಕ್ಕ ಎಂಥಾ ವಿಳಾಸವ್ವಾ? ಟಪಾಲು ಬರ್ತದೇನು?" ವೀರಭದ್ರ ಮೀಸೆಯಲ್ಲೇ ನಕ್ಕ.

"ಕಾಕಾ, ಊರಿಗೆ ಹೊಸಾ ಸೊಸಿ ಬಂದ್ರ ಏನ್ ಕೇಳ್ತೀರಿ?"

"ಯಾವ ಊರು, ಯಾರ ಮಗಳು, ಯಾವ ಮಠದವ್ರು ಅಂತ ಕೇಳ್ತೀವಿ."

"ಬರೋಬ್ಬರಿ. ಬರೇ ಹೆಸರಿಂದ ಗುರ್ತು ಹತ್ತಂಗಿಲ್ಲ, ಸಂಬಂಧದಿಂದ ಹತ್ತತದ. ಇದೂ ಹಂಗೇ. ಬೀಜಕ್ಕ ಒಂದು ವಿಳಾಸ, ಊರಿಗೊಂದು ವಿಳಾಸ, ಮಠಕ್ಕೊಂದು ವಿಳಾಸ. ಈ ಬೀಜ ಆ ಊರಿಂದು, ಆ ಮಠದ ಅಯ್ಯಾರು ತಂದದ್ದು ಅಂತ ಒಂದಕ್ಕೊಂದು ಕೊಂಡಿ. ಒಂದು ಹಿಡಕೊಂಡು ಹೊಂಟ್ರ ಇನ್ನೊಂದು ಸಿಗ್ತದ. ನಾವಷ್ಟೇ ಅಲ್ಲ, ನಿಲಂಗಾ, ಉದಗೀರದ ಗಟದವ್ರೂ ಹಾಕ್ಯಾರ. ಎಲ್ಲಾ ಸೇರಿ ಇನ್ನೂರ ಹನ್ನೆರಡು ಬೀಜ! ಕನ್ನಡದಾಗ, ಮರಾಠಿದಾಗ. ದೂರದ ಕೃಷಿ ಕಾಲೇಜಿನವ್ರು ಸುದ್ದಾ ತಮ್ಮ ಪಟ್ಟಿಯಿಂದ ನಮ್ಮ ಪಟ್ಟಿಗೆ ಕೊಂಡಿ ಹಾಕ್ಯಾರ. ಬೇಕಾದವ್ರು ಬಳಸ್ಲಿ ಅಂತ ಪಟ್ಟಿ ಮ್ಯಾಲೇ ಬರದಿಟ್ಟೀವಿ."

ಹೇಳುವಾಗ ಸಾರಿಕಾಳ ಕುತ್ತಿಗೆ ನೆಟ್ಟಗಾಗಿತ್ತು. ಯಾಕಾಗಬಾರದು? ಹತ್ತನೆಯ ತರಗತಿ ಓದಿದ ಹೆಂಗಸರು ಮೂರು ತಾಲ್ಲೂಕಿನ ಬೀಜಗಳ ವಂಶಾವಳಿ ಕಟ್ಟಿದ್ದರು.

"ಸಿಕ್ತು ನೋಡ್ರಿ! ನಿಲಂಗಾದಾಗ ಒಂದು ಬಗ್ಗುಜ್ವಾಳ. ನಿಮ್ಮ ಊರಾಗ ಹೆಸರು ಕೇಳಿದ್ದೆ, ದಾಳಿಂಬದ್ದೂ ಇದೂ ಒಂದೇ ಅಂತ ನಾನೇ ಹಾಕೀನಿ" ಎಂದು ಸಾರಿಕಾ ಫೋಟೋ ತೋರಿಸಿದಳು.

ಚಂಪಾಬಾಯಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು. ದೂರ ಹಿಡಿದಳು. ಆಮೇಲೆ ತಲೆ ಆಡಿಸಿದಳು.

"ಅಲ್ರೀ ಅಮ್ಮಾರ. ಇದರ ದಂಟಷ್ಟೇ ಗಾಳಿಗೆ ಬಾಗ್ಯದ, ತೆನಿ ನೆಟ್ಟಗ ನಿಂತದ. ನಮ್ದರ ಕುತ್ತಗಿನೇ ಬಗ್ಗಿರ್ತದ. ಇದರ ಹೊಟ್ಟು ಕರಿದು, ನಮ್ದು ಹುಲ್ಲಿನ ಬಣ್ಣ. ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲರೀ."

ಸಾರಿಕಾ ನಾಲಿಗೆ ಕಚ್ಚಿಕೊಂಡಳು. "ಹೆಸರು ಒಂದೇ ಅಂತ ಅವಸರಕ್ಕ 'ಇದೇ ಅದು' ಅಂತ ಜೋಡಿಸಿದೆ ಮಾವಶಿ. ನನ್ನ ನಂಬಿ ಯಾರರೆ ಬಿತ್ತಿದ್ರ? ಬಲ್ಲವ್ರನ್ನ ಕೇಳದೆ ಕೊಂಡಿ ಹಾಕಬಾರದು" ಎಂದು ಅಲ್ಲೇ ಕೊಂಡಿ ತೆಗೆದಳು. ಕುತ್ತಿಗೆ ಹೀಗೆ, ಹೊಟ್ಟು ಹೀಗೆ ಎಂದು ಚಂಪಾಬಾಯಿ ಹೇಳಿದ ಗುರುತುಗಳನ್ನೆಲ್ಲ ಬರೆದಳು. ಕೆಳಗೆ 'ಹೇಳಿದವರು: ಚಂಪಾಬಾಯಿ, ದಾಳಿಂಬ' ಎಂದು ತೋರಿಸಿ, "ಹಾಕಲೇನ್ರೀ?" ಎಂದು ಕೇಳಿದಳು.

"ನನ್ನ ಹೆಸರಾ?" ಚಂಪಾಬಾಯಿಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು. "ಹಾಕ್ರಿ."

ಆದರೆ ಬೀಜ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಅಮರಯ್ಯನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನನ್ನ ವಹಿದಾಗ ದಾಳಿಂಬ ಅಂತ ಹುಡುಕವ್ವಾ ಸಾರಿಕಾ" ಎಂದರು.

ಅಯ್ಯನವರ ಪದ್ಧತಿಯೊಂದಿತ್ತು. ಹರೆಯದಲ್ಲಿ ಜೋಳಿಗೆ ಹಾಕಿಕೊಂಡು ಉಮರ್ಗಾದಿಂದ ಉದಗೀರದವರೆಗೆ ಭಕ್ತರ ಮನೆಗಳಿಗೆ ನಡೆಯುತ್ತಿದ್ದರು. ಅವರಿಗೆ ಸ್ವಂತ ಹೊಲವಿಲ್ಲ. ಆದರೂ ಒಂದು ಮನೆಯ ಒಳ್ಳೆಯ ಬೀಜ ಇನ್ನೊಂದು ಮನೆಗೆ ಮುಟ್ಟಿಸುತ್ತಿದ್ದರು. ಯಾರು ಕೊಟ್ಟರು, ಯಾರಿಗೆ ಕೊಟ್ಟೆ ಎಂದು ವಹಿಯಲ್ಲಿ ಬರೆದಿಡುತ್ತಿದ್ದರು. ಆ ವಹಿಯ ಒಂದೊಂದು ಸಾಲನ್ನೂ ಸಾರಿಕಾ ಆನ್‌ಲೈನಿಗೆ ಏರಿಸಿದ್ದಳು.

ಅವಳು ಹುಡುಕಿ ಗಟ್ಟಿಯಾಗಿ ಓದಿದಳು: "ದಾಳಿಂಬದ ಮೀರಾಬಾಯಿ. ಬಗ್ಗುಜೋಳ, ಬಿತ್ತಲಿಕ್ಕೆ ಎರಡು ಸೇರು. ಉದಗೀರ ಸೀಮೆಯ ವೈಜಿನಾಥನ ಮನೆಗೆ ಮುಟ್ಟಿಸಿದೆ."

ಚಂಪಾಬಾಯಿ ಕೂತಲ್ಲೇ ಮುಂದೆ ಸರಿದಳು. "ನಮ್ಮ ಅತ್ತಿ? ಹೊರಗ ಕೊಟ್ಟಿದ್ಲಾ?"

"ಕೊಟ್ಟಿದ್ಲವ್ವಾ, ಕೈ ತುಂಬ ಕೊಟ್ಟಿದ್ಲು. 'ಒಂದೇ ಮನ್ಯಾಗಿದ್ರ ಒಂದೇ ಮಳಿಗೆ ಹೋಗ್ತದ್ರೀ ಅಪ್ಪಾರ' ಅಂದಿದ್ಲು" ಎಂದರು ಅಮರಯ್ಯ.

ಚಂಪಾಬಾಯಿಯ ಕಣ್ಣಲ್ಲಿ ನೀರು ತುಂಬಿತು. ಜೋಪಾನ ಮಾಡುವುದೆಂದರೆ ಬಚ್ಚಿಡುವುದು ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದಳಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

"ವೈಜಿನಾಥ ಅಂದ್ರ ಓಣಿಗೆ ನಾಕ್ ಮಂದಿ ಅದಾರ. ಯಾವಂವಾ?" ಎಂದ ವೀರಭದ್ರ. ಈಗ ಅವನೂ ಮುಂದೆ ಬಗ್ಗಿ ಕೂತಿದ್ದ.

"ಹೆಸರು ಬಿಡ್ರಿ ಕಾಕಾ, ಕೊಂಡಿ ಹಿಡಿಯೂನು" ಎಂದಳು ಸಾರಿಕಾ. ಬೀಜ ಒಯ್ದವರು ಕಾಸಾರಶಿರಸಿಯ ಅಯ್ಯಗಳು. ಹಾಗಾದರೆ ಉದಗೀರದವರ ಪಟ್ಟಿಯಲ್ಲಿ ಕಾಸಾರಶಿರಸಿಯ ವಿಳಾಸಕ್ಕೆ ಕೊಂಡಿ ಇರುವ ಬೀಜ ಯಾವುದು? ಕೇಳಿದ್ದೇ ತಡ, ಒಂದೇ ಒಂದು ಬಂತು. ಹೆಸರು 'ಸ್ವಾಮೀಚೀ ಜ್ವಾರಿ'. ಅಯ್ಯಗಳ ಜೋಳ! ತಂದವರು: ಕಾಸಾರಶಿರಸಿಯ ಜಂಗಮರು. ಬೆಳೆದವರು: ವೈಜಿನಾಥನ ಮನೆಯವರು. ಬೇರೆ ಹೆಸರು, ಬೇರೆ ಭಾಷೆ, ಎರಡು ಪಟ್ಟಿ ಬರೆದವರು ಒಬ್ಬರನ್ನೊಬ್ಬರು ಕಂಡವರೂ ಅಲ್ಲ.

ಸಾರಿಕಾ ಸಂಭ್ರಮದಿಂದ ಬೀಜದ ಪುಟ ಒತ್ತಿದಳು. 'ಪುಟ ಸಿಗಲಿಲ್ಲ' ಎಂದು ಬಂತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ.

"ಅರೇ ದೇವಾ! ಮೊನ್ನೆ ಅವ್ರು ಪಟ್ಟಿ ಹೊಸಾ ಜಾಗಕ್ಕ ಒಯ್ದಾರ, ಹಳೇ ವಿಳಾಸ ಹಂಗೇ ಬಿಟ್ಟಾರ. ಇದೇ ದೊಡ್ಡ ತ್ರಾಸು ಮಾವಶಿ. ಹಾಕೂದು ಕಲ್ತೀವಿ, ಹಾಕಿದ್ದು ಕಾಯೂದು ಇನ್ನಾ ಕಲೀಬೇಕು."

ಪುಣ್ಯಕ್ಕೆ ಆ ಪಟ್ಟಿಯ ನಕಲು ಸಾರಿಕಾಳ ಬಳಿ ಇತ್ತು. ಅದರಲ್ಲಿ ಮನೆಯವರ ನಂಬರು ಇರಲಿಲ್ಲ, ಗಟದ ನಂಬರು ಮಾತ್ರ ಇತ್ತು. ಮನೆಮಂದಿಯ ನಂಬರನ್ನು ಕೇಳದೆ ಊರ ಮುಂದೆ ಹಾಕಬಾರದೆಂದು ಎಲ್ಲ ಗಟದವರೂ ಠರಾವು ಮಾಡಿದ್ದರು. ಗಟಕ್ಕೆ ಫೋನು ಹೋಯಿತು, ಗಟದವರು ಆ ಮನೆಯವರನ್ನು ಕೇಳಿದರು. ಅರ್ಧ ತಾಸಿಗೆ ತಿರುಗಿ ಫೋನು ಬಂತು: "ಬರಹೇಳ್ರಿ, ಬೀಜ ಅದ."

ಮರುದಿನವೇ ಗಂಡ ಹೆಂಡತಿ ಉದಗೀರದ ಬಸ್ಸು ಹತ್ತಿದರು. ಉದಗೀರದ ಹತ್ತಿರದ ಹಳ್ಳಿಯಲ್ಲಿ ವೈಜಿನಾಥನ ಸೊಸೆ ಅನುಸೂಯಾಬಾಯಿ ಬಾಗಿಲಲ್ಲೇ ನಿಂತಿದ್ದಳು. "ಯಾ ಯಾ, ಆತ ಯಾ!" ಎಂದು ಮರಾಠಿಯಲ್ಲಿ ಒಳಗೆ ಕರೆದು, ಕನ್ನಡದಲ್ಲಿ ಮಾತಾಡಿಸಿ ಕೂರಿಸಿದಳು. ಅಡಿಗೆಮನೆಯ ಜಂತಿಗೆ ತೆನೆಗಳ ಗೊಂಚಲು ಕಟ್ಟಿತ್ತು. ಎಲ್ಲದರ ಕುತ್ತಿಗೆ ಬಗ್ಗಿತ್ತು, ಹೊಟ್ಟು ಹುಲ್ಲಿನ ಬಣ್ಣ.

ಚಂಪಾಬಾಯಿ ಒಂದು ಕಾಳು ಬಿಡಿಸಿ ಹಲ್ಲಿಗೆ ಹಾಕಿ ಕಡಿದಳು. ಕಣ್ಣು ಮುಚ್ಚಿದಳು.

"ನಮ್ದೇ ರೀ. ನಮ್ಮ ಅತ್ತಿದು" ಎಂದು ಅತ್ತುಬಿಟ್ಟಳು.

ಅನುಸೂಯಾಬಾಯಿ ಅವಳಿಗೆ ಅರಿಶಿನ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಬೀಜದಿಂದಲೇ ಉಡಿ ತುಂಬಿದಳು. ಎರಡು ಸೇರು ಸಾಕು ಎಂದರೆ ಕೇಳಬೇಕಲ್ಲ? "ಎರಡು ಸೇರು ತಗೊಂಡು ಎರಡೇ ಸೇರು ಕೊಟ್ರ ನಮ್ಮ ಮನಿ ಮಾನ ಉಳೀತದೇನ್ರೀ? ನಾಕು ಒಯ್ರಿ. ಇಷ್ಟ ವರ್ಷ ನಿಮ್ಮ ಅತ್ತಿ ಪುಣ್ಯೇದಿಂದ ಮೆತ್ತನ ರೊಟ್ಟಿ ಉಂಡೀವಿ" ಎಂದಳು.

ಹಸ್ತ ಮಳೆಯ ಹದ ತಪ್ಪುವ ಮೊದಲೇ ಬಿತ್ತನೆಯಾಯಿತು. ಎಂಟನೆಯ ದಿನಕ್ಕೆ ಕರಿಮಣ್ಣಿನ ಮೇಲೆ ಸಾಲು ಎದ್ದು ಕಂಡಿತು.

ಈಗ ದಾಳಿಂಬದ ಹೆಂಗಸರೂ ಈ ಕೆಲಸಕ್ಕೆ ಸೇರಿದ್ದಾರೆ. ತಿಂಗಳಿಗೊಮ್ಮೆ ಅವರ ಬಚತ್ ಗಟದ ಸಭೆ ಮುಗಿದ ಮೇಲೆ ಇನ್ನೊಂದು ಕೆಲಸವಿರುತ್ತದೆ. ಪಟ್ಟಿಯ ಒಂದೊಂದು ಕೊಂಡಿಯನ್ನೂ ಒತ್ತಿ ನೋಡುವುದು. ತೆರೆಯದಿದ್ದರೆ ಸಾರಿಕಾಳಿಗೆ ಹೇಳುವುದು. ಒತ್ತುವವನು ಯಾರು ಗೊತ್ತೇ? ಟಪಾಲು ಬರ್ತದೇನು ಎಂದು ನಕ್ಕಿದ್ದ ನಮ್ಮ ವೀರಭದ್ರ. ಕನ್ನಡಕ ಮೂಗಿನ ತುದಿಗೆ ಇಳಿಸಿ, "ಇದು ಚಾಲೂ ಅದ, ಇದು ಬಂದ್ ಅದ" ಎಂದು ಊರ ಲೆಕ್ಕ ಬರೆಯುವ ತಲಾಟಿ ಸಾಹೇಬರ ಗತ್ತಿನಲ್ಲಿ ಕೂಗುತ್ತಾನೆ. ಉದಗೀರದವರು ತಮ್ಮ ಹಳೆಯ ವಿಳಾಸ ಒತ್ತಿದರೆ ಹೊಸದಕ್ಕೆ ಹೋಗುವಂತೆ ಸರಿಮಾಡಿದ್ದಾರೆ. ಕೆಲಸವೇನೂ ಮುಗಿದಿಲ್ಲ. ಬರೆಯಬೇಕಾದ ಬೀಜ ಇನ್ನೂ ಎಷ್ಟೋ ಇವೆ. ಇವತ್ತು ಬರೆದವರು ನಾಳೆ ಇಲ್ಲದಿದ್ದರೆ ಕಾಯುವವರು ಯಾರೆಂಬ ಚಿಂತೆಯೂ ಇದೆ. ಆದರೆ ಹೆಂಗಸರು ಹೆದರಿಲ್ಲ. ಒಬ್ಬರ ನಂತರ ಯಾರು ನೋಡಿಕೊಳ್ಳಬೇಕೆಂದು ಈಗಲೇ ಹೆಸರು ಬರೆದಿಟ್ಟಿದ್ದಾರೆ.

ಆ ಸುಗ್ಗಿಯ ರಾಶಿ ಮುಗಿದ ವಾರಕ್ಕೆ ಗಟದ ಫೋನಿಗೆ ನಿಲಂಗಾ ಕಡೆಯ ಹೆಂಗಸೊಬ್ಬಳ ಕರೆ ಬಂತು. "ಅಕ್ಕಾ, ಹಕ್ಕಿ ತಿನ್ನದ ಜ್ವಾಳ ನಿಮ್ಮಲ್ಲಿ ಅದ ಅಂತ ಪಟ್ಟಿದಾಗ ನೋಡ್ದೆ. ನಮಗ ಒಂದೀಟು ಸಿಗ್ತದೇನು?"

ತವರಿಗೂ ಹಿಡಿ ಕಾಳು ಕೊಡದಿದ್ದ ಚಂಪಾಬಾಯಿ ಎದೆ ಉಬ್ಬಿಸಿ ಹೇಳಿದಳು: "ಅದ ರೀ! ಬರ್ರಿ, ಉಡಿ ತುಂಬಿ ಕಳಸ್ತೀನಿ. ಖರೇ ಒಂದ್ ಮಾತು. ಬಿತ್ತಿದ ಮ್ಯಾಲ ನಿಮ್ಮ ಊರೂ ಪಟ್ಟಿದಾಗ ಬರಸಬೇಕು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಬೀಜವೋ, ಬಾವಿಯೋ, ಮಠದ ವಹಿಯೋ. ಫೋಟೋ ಹಾಕಿ ಕೈ ತೊಳೆದುಕೊಳ್ಳಬೇಡಿ. ಅದಕ್ಕೆ ಬದಲಾಗದ ವಿಳಾಸ ಕೊಡಿಸಿ. ಎಲ್ಲಿಯದು, ಯಾರು ಕೊಟ್ಟದ್ದು, ಯಾರು ಹೇಳಿದ್ದು ಎಂದು ನಿಮ್ಮ ಮಾತಿನಲ್ಲೇ ಬರೆಸಿ ಜೋಡಿಸಿ. ಬಲ್ಲವರನ್ನು ಕೇಳದೆ 'ಇದೇ ಅದು' ಎನ್ನಬೇಡಿ, ಮನೆಯವರನ್ನು ಕೇಳದೆ ಮನೆಯ ಮಾತು ಹಾಕಬೇಡಿ. ಹಾಕಿದ್ದನ್ನು ತಿಂಗಳಿಗೊಮ್ಮೆ ತೆರೆದು ನೋಡಿ. ಈ ಕಥೆ ಕೇಳಿ ಎದ್ದು ಹೋಗುವ ಮುಂಚೆ ನಿಮ್ಮ ಗಟದ ಅಕ್ಕನಿಗೆ ಒಂದು ಮಾತು ಹೇಳಿ ಹೋಗಿ: "ನಮ್ದೂ ಬರಕೋರಿ."