ಐದು ಬಾಯಿಯ ಮನೆ

ಒಂದು ಮನೆ ಇತ್ತಂತೆ. ಅದಕ್ಕೆ ಐದು ಬಾಯಿ, ಒಂದಕ್ಕೂ ಉಸಿರಿಲ್ಲ. ಉಸಿರು ತುಂಬಿಯೇ ತುಂಬುತ್ತೇನೆಂದು ಯಜಮಾನ ಹೆಂಡತಿಗೆ ಮಾತು ಕೊಟ್ಟಿದ್ದನಂತೆ. ಮಾತು ಹಾಗೇ ಉಳಿದು, ಅವನ ಉಸಿರೇ ಮೊದಲು ನಿಂತಿತಂತೆ.

ಆ ಮನೆ ಏಳು ಸಮುದ್ರದಾಚೆ ಏನಲ್ಲ. ರಾಯಚೂರಿನ ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿತ್ತು. ಯಜಮಾನ ಶರಣಯ್ಯ, ಆಂಪ್ಲಿಫೈಯರ್ ಕಟ್ಟುತ್ತಿದ್ದವನು. ಬೆಳಿಗ್ಗೆಯಿಂದ ಅವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡು ಹೂವಿನ ಹಾರ. ಅವನೇ ಮಾಡಿದ ಐದು ಸ್ಪೀಕರುಗಳಲ್ಲಿ ಒಂದು ಅವನ ತಲೆಯ ಮೇಲೆ, ಎರಡು ಎಡಬಲಕ್ಕೆ, ಇನ್ನೆರಡು ಎದುರಿನ ಮೂಲೆಗಳಲ್ಲಿ. ಅವನ ಹೆಂಡತಿ ಚನ್ನಮಲ್ಲಮ್ಮ ಹೆಣದ ಪಕ್ಕದಿಂದೆದ್ದು ದಡದಡನೆ ಅಂಗಳಕ್ಕೆ ನಡೆದಳು.

"ಸಣ್ಣ ಮಾಡೋ ಅದನ್ನ! ಕಿವ್ಯಾಗ ಸಲಾಕಿ ಹಾಕಿದಂಗ ಆಗಾಕತ್ತದ!"

ಅಂಗಳದಲ್ಲಿ ಭಜನೆಯವರ ಮೈಕಿಗೆ ಆಂಪ್ಲಿಫೈಯರ್ ಹಚ್ಚಿ ನಿಂತಿದ್ದವನು ಮೌನೇಶ. ಶರಣಯ್ಯನ ತಮ್ಮ. ಮಾನ್ವಿಯಲ್ಲಿ ಸೌಂಡಿನ ಅಂಗಡಿ ಇಟ್ಟವನು. ಒಂಬತ್ತು ವರ್ಷ ಈ ಹೊಸ್ತಿಲು ತುಳಿಯದೆ, ಇವತ್ತು ಟೆಂಪೋ ತುಂಬ ಸಾಮಾನು ಹೇರಿಕೊಂಡು ಬಂದಿದ್ದ.

"ಭಜನಿ ಓಣಿಗೆಲ್ಲ ಕೇಳಬೇಕು, ಅತ್ತಿಗಿ. ಅಣ್ಣಗ ಇದೊಂದರ ಮಾಡ್ತೀನಿ."

"ಬದುಕಿದ್ದಾಗ ಮಾಡಿದ್ದು ಸಾಲಲಿಲ್ಲೇನು?"

ಮಗಳು ಶೈಲಜಾ ತಾಯಿಯ ರಟ್ಟೆ ಹಿಡಿದಳು. "ಯವ್ವಾ, ಇವತ್ತೊಂದಿನ ಬಿಡಬೇ."

"ಬಿಡಾಕ ಅಂವ ಏನು ಉಳಿಸ್ಯಾನ?"

ಕೊಸರಿಕೊಂಡು ಹೋಗಿ ಚನ್ನಮಲ್ಲಮ್ಮ ತಾನೇ ವಾಲ್ಯೂಮಿನ ಗುಂಡಿ ಹಿಡಿದಳು. ತಿರುವಲಿಲ್ಲ. ಬೆರಳುಗಳು ಗುಂಡಿಯ ಅಂಚನ್ನೇ ಸವರತೊಡಗಿದವು. ಕಪ್ಪು ಬಣ್ಣದಡಿ ಎಸಳು ಎಸಳಾಗಿ ಕೆತ್ತನೆ. ಒಂದು, ಎರಡು... ಎಂಟು. ಉಗುರಿನಿಂದ ಕೆರೆದಳು. ಬಣ್ಣ ಸುಲಿದು ಕೆಂಪು ಅರಗು ಇಣುಕಿತು.

"ಶೈಲಾ, ಇದು ನನ್ನ ಕುಂಕುಮದ ಭರಣಿ ಮುಚ್ಚಳ."

*

ಒಂಬತ್ತು ವರ್ಷದ ಹಿಂದೆ ಆ ಮುಚ್ಚಳವನ್ನು ಶರಣಯ್ಯ ದೇವರ ಜಗಲಿಯಿಂದಲೇ ಎತ್ತಿಕೊಂಡಿದ್ದ. ಗೋಡೆಯ ಸ್ಪೀಕರುಗಳಿಗೆಂದು ಐದು ಚಾನೆಲ್ಲಿನ ಪೆಟ್ಟಿಗೆ ಕಟ್ಟಿ ಮುಗಿಸಿದ್ದ, ವಾಲ್ಯೂಮಿನ ಗುಂಡಿಯೊಂದೇ ಸಿಕ್ಕಿರಲಿಲ್ಲ.

"ಮುಚ್ಚಳ ಇಲ್ಲದ ಭರಣಿ ತಗೊಂಡು ನಾ ಏನ ಮಾಡ್ಲಿರಿ?"

"ಊರಿಗೆಲ್ಲ ಹಾಡು, ನನಗ ಬರೇ ಗ್ವಾಡಿ ಅಂತಿದ್ದೆಲ್ಲ ಚನ್ನೀ? ನಾ ಹೋಗೂದ್ರಾಗ ಈ ಗ್ವಾಡಿ ಮಾತಾಡಸ್ತೀನಿ. ಮಾತು."

ಹಾಡು ಒಳಹೋಗುವ ತಂತಿಯ ತುದಿಗೆ ಒದ್ದೆ ಬೆರಳು ತಾಗಿಸಿ ಮೇಜಿನ ಮೇಲಿನ ಹಳೆಯ ಸ್ಪೀಕರನ್ನು ಗುಂಯ್ ಅನ್ನಿಸಿದ. ಪೆಟ್ಟಿಗೆ ಯಾವುದೇ ಇರಲಿ, ಅವನ ಮೊದಲ ಪರೀಕ್ಷೆ ಅದು. "ಜೀವ ಅದ," ಎಂದು ನಕ್ಕ.

ಅದೇ ವಾರ ಸಿರವಾರದ ಅಕ್ಕಿ ಗಿರಣಿ ಸಾವುಕಾರರು ಹೋಂ ಥಿಯೇಟರಿಗೆ ಸ್ಪೀಕರ್ ತಂದರು. ಆಂಪ್ಲಿಫೈಯರ್ ಆರಿಸಿ ಜೋಡಿಸುವ ಕೆಲಸ ಅಣ್ಣತಮ್ಮಂದಿರಿಗೆ ಬಂತು.

"ಸದ್ಯಕ್ಕ ನಂದನ್ನೇ ಒಯ್ದು ಹಚ್ಚು. ಅವರದು ಆಮ್ಯಾಲೆ ಕಟ್ಟಿ ಕೊಡ್ತೀನಿ," ಎಂದ ಶರಣಯ್ಯ.

"ಸ್ಪೀಕರ್ ನೂರು ವ್ಯಾಟಿನವು, ನಿನ್ನ ಪೆಟ್ಟಿಗಿ ಇನ್ನೂರರದ್ದು. ಸುಟ್ಟು ಬೂದಿ ಆಗ್ತಾವಣ್ಣ," ಎಂದ ಮೌನೇಶ.

"ಸುಡೂದು ಸಣ್ಣದು, ಲೇ! ತ್ರಾಣ ಇಲ್ಲದ್ದು ಮೈಮೀರಿ ಒದರಿದ್ರ ದನಿ ಒಡೀತದ. ಒಡದ ದನೀನೇ ಸ್ಪೀಕರ್ ಸುಡ್ತದ. ತ್ರಾಣ ಇದ್ದದ್ದು ಮೆತ್ತಗ ಮಾತಾಡ್ತದ."

ಪೆಟ್ಟಿಗೆ ಒಯ್ದ ಮೌನೇಶ ನಾಲ್ಕು ದಿನಕ್ಕೆ ಬರಿಗೈಲಿ ಬಂದ. ಸಾವುಕಾರರ ಮನೆಯಲ್ಲಿ ಸಿನಿಮಾ ನೋಡುವಾಗ ಸ್ಪೀಕರುಗಳು ಹೊಗೆಯಾಡಿದ್ದವು. "ನಿನ್ನ ಪೆಟ್ಟಿಗಿ ಅವನ್ನ ಸುಡ್ತು. ಸಿಟ್ಟಿಗೆ ಅದನ್ನ ಕಾಲುವಿಗೆ ಒಗದು ಬಂದೆ," ಎಂದು ಓಣಿಗೆ ಕೇಳುವಂತೆ ಕೂಗಾಡಿ ಹೋದ.

ಸುದ್ದಿ ಮಾನ್ವಿ ದಾಟಿ ದೇವದುರ್ಗದವರೆಗೂ ಹೋಯಿತು. ಶರಣಯ್ಯನ ಕೈಯ ಪೆಟ್ಟಿಗೆ ಯಾರಿಗೂ ಬೇಡವಾಯಿತು. ಅವನು ಮಿಕ್ಸಿ, ಫ್ಯಾನು ರಿಪೇರಿಗೆ ಕೂತ. ಸಂಜೆಯಾದರೆ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಓಮು, ವ್ಯಾಟು ಬರೆದು ಕೂಡಿ ಕಳೆಯುವನು.

"ಇನ್ನೊಂದು ಕಟ್ರಿ," ಎನ್ನುವಳು ಹೆಂಡತಿ.

"ಲೆಕ್ಕ ಸರಿ ಬರ್ತದ ಚನ್ನೀ. ಆದ್ರ ಸುಟ್ಟಾವಲ್ಲ? ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ."

*

ಭಜನೆ ನಿಂತಿತ್ತು.

"ಕಾಲುವಿಗೆ ಒಗದೆ ಅಂದಿದ್ದೆಲ್ಲ?" ಎಂದಳು ಚನ್ನಮಲ್ಲಮ್ಮ.

"ಇಂಥಾ ಪೆಟ್ಟಿಗಿ ಸಂತ್ಯಾಗ ನೂರು ಸಿಗ್ತಾವ, ಅತ್ತಿಗಿ."

"ನನ್ನ ಭರಣಿ ಮುಚ್ಚಳಾನೂ ನೂರು ಸಿಗ್ತಾವೇನು?"

ಮೌನೇಶ ಗುಂಡಿಯನ್ನು ಅವತ್ತೇ ಮೊದಲ ಸಲ ಕಂಡವನಂತೆ ನೋಡಿದ. ಪೆಟ್ಟಿಗೆಗೆಲ್ಲ ಬಣ್ಣ ಬಳಿದು ತನ್ನ ಅಂಗಡಿಯ ಹೆಸರು ಬರೆಸಿದ್ದ. ಗುಂಡಿ ಯಾವುದರದ್ದೆಂದು ಯೋಚಿಸಿಯೇ ಇರಲಿಲ್ಲ.

ಮೂವತ್ತು ವರ್ಷ ಶರಣಯ್ಯನ ಪಕ್ಕದಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡಿದ ಜಿಲಾನಿ ಪಾಷಾ ಕುರ್ಚಿ ಬಿಟ್ಟು ಎದ್ದ. "ಮೌನೇಶಪ್ಪ, ಒಂದು ಮಾತು ಹೇಳು. ಒಂಬತ್ತು ವರ್ಷದಾಗ ಇದರಿಂದ ಎಷ್ಟು ಸ್ಪೀಕರ್ ಸುಟ್ವು?"

ಮೌನೇಶ ಮೈಕಿನ ತಂತಿ ಸುತ್ತತೊಡಗಿದ.

"ಎಷ್ಟು?" ಎಂದಳು ಶೈಲಜಾ.

"ಒಂದೂ ಇಲ್ಲ." ಅವನ ದನಿ ಇಳಿಯಿತು. "ಸಿರವಾರದಾಗ ಇದನ್ನ ಹಚ್ಚೇ ಇರ್ಲಿಲ್ಲ. ಅಂಜಿಕಿ ಆಗಿ ನನ್ನ ಅಂಗಡ್ಯಾಗಿನ ನಲವತ್ತು ವ್ಯಾಟಿಂದು ಹಚ್ಚಿದೆ. ಸುಟ್ವು. ಸಾವ್ಕಾರ ಕೊಳ್ಳಪಟ್ಟಿ ಹಿಡದ. ಅಣ್ಣನ ಹೆಸರು ಬಾಯಿಗೆ ಬಂತು."

"ಬಂತಾ? ಆಮ್ಯಾಲೆ ಒಂಬತ್ತು ವರ್ಷ ನಾಲಿಗಿ ಎಲ್ಲಿಟ್ಟಿದ್ದಿ?" ಚನ್ನಮಲ್ಲಮ್ಮ ಕೂಗಲಿಲ್ಲ, ಹಲ್ಲು ಕಚ್ಚಿ ಹೇಳಿದಳು. "ತಮ್ಮ ಕೈ ಕೆಟ್ಟದ್ದಂತ ನಂಬಿ ಸತ್ತರು ಅವರು. ಅವರ ಕೈಲೆ ಕಟ್ಟಿದ್ದು ನಿನಗ ಅನ್ನ ಹಾಕ್ತಿತ್ತು."

ಅವನು ಕಾಲು ಮುಟ್ಟಲು ಬಗ್ಗಿದ. ಅವಳು ಕಾಲು ಹಿಂದೆಗೆದಳು. "ನನ್ನವು ಮುಟ್ಟಬ್ಯಾಡ. ಪೆಟ್ಟಿಗಿ ಹೊರು."

"ಕುಣಿ ತೋಡಿ ಆಗ್ಯದ, ಯವ್ವಾ. ಹೊತ್ತಾತು," ಎಂದರು ಮಠದ ಅಯ್ಯನವರು, ಹೆಣ ಕೂಡಿಸಿ ಒಯ್ಯುವ ವಿಮಾನದತ್ತ ಕೈ ತೋರಿಸಿ.

"ಅವರು ಮಾತು ಕೊಟ್ಟಾರ, ಅಜ್ಜಾರ. ಗ್ವಾಡಿ ಮಾತಾಡೂತನಕ ವಿಮಾನ ಎತ್ತಂಗಿಲ್ಲ."

ಮೌನೇಶ ಪೆಟ್ಟಿಗೆಯನ್ನು ಎದೆಗೊತ್ತಿ ಪಡಸಾಲೆಗೆ ತಂದು ಅಣ್ಣನ ಮುಂದಿಟ್ಟ. ಗೋಡೆಯಿಂದ ಇಳಿಬಿದ್ದ ತಂತಿಗಳಿಗೆ ಶರಣಯ್ಯ ಚೀಟಿ ಅಂಟಿಸಿದ್ದ: ಎಡ, ಬಲ, ನಡು, ಹಿಂದೆ, ಹಿಂದೆ. ಚೀಟಿಗಳು ಹಳದಿಯಾಗಿದ್ದರೂ ಅಕ್ಷರ ಮಾಸಿರಲಿಲ್ಲ. ಮೌನೇಶ ಒಂದು ತಂತಿಗೆ ಕೈ ಚಾಚಿದ.

"ಮುಟ್ಟಬ್ಯಾಡ ಕಾಕಾ," ಎಂದಳು ಶೈಲಜಾ. ಒಂದೊಂದೇ ತಂತಿಯನ್ನು ತಾನೇ ಬಿಗಿದಳು.

ಯಾರೋ ಮೊಬೈಲು ಮುಂದೆ ಹಿಡಿದರು. "ಯಾವ ಹಾಡು ಹಚ್ಚೂದ್ರಿ?"

ಚನ್ನಮಲ್ಲಮ್ಮ ಬೇಡವೆಂದು ತಲೆ ಆಡಿಸಿದಳು. ಗಂಡನಿಗೆ ಮೈ ತೊಳೆಸಿ ಉಳಿದ ನೀರಿನ ಚರಿಗೆಯಲ್ಲಿ ಬೆರಳು ಅದ್ದಿದಳು. ಇನ್ನೊಂದು ಕೈಯಿಂದ ಕೆಂಪು ಇಣುಕುತ್ತಿದ್ದ ಮುಚ್ಚಳವನ್ನು ನಿಧಾನ ತಿರುವಿ, ಒದ್ದೆ ಬೆರಳನ್ನು ಹಾಡು ಒಳಹೋಗುವ ತಂತಿಯ ತುದಿಗೆ ತಾಗಿಸಿದಳು.

ಐದೂ ಬಾಯಿ ಗುಂಯ್ ಎಂದವು. ಒಡಕಿಲ್ಲದ, ಮೆತ್ತಗಿನ ದನಿ. ಸ್ಪೀಕರಿನ ಬಟ್ಟೆಗಳಿಂದ ಒಂಬತ್ತು ವರ್ಷದ ಧೂಳು ಎದ್ದು ಶರಣಯ್ಯನ ಹೆಗಲ ಮೇಲೆ ಇಳಿಯಿತು. ಅವನ ಎದೆಯ ಮೇಲಿನ ಚೆಂಡು ಹೂವಿನ ಎಸಳುಗಳು ಸಣ್ಣಗೆ ನಡುಗುತ್ತಿದ್ದವು.