ತೊಂಬತ್ತೈದು ಡಿಗ್ರಿ

ಮೂವತ್ತೊಂದು ವರ್ಷ ಫಿಸಿಯೋಥೆರಪಿ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡಿ ನಿವೃತ್ತಳಾದವಳು ನಾನು. ತೋಳು, ಮೊಣಕೈ ನನ್ನ ಪಾಲಿನ ಪಾಠ. ಯಾವ ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಅಂಟಿಕೊಳ್ಳುತ್ತದೆ, ಯಾವ ನರ ಯಾವ ಸಂದಿಯಲ್ಲಿ ನುಸುಳುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದೆ. ಅಂಥವಳು ಬಲ್ಬು ಬದಲಿಸಲು ಸ್ಟೂಲು ಹತ್ತಿ, ದೊಪ್ಪನೆ ಬಿದ್ದು, ಬಲತೋಳಿನ ಮೂಳೆಯನ್ನು ಮೊಣಕೈಗಿಂತ ಎರಡು ಬೆರಳು ಮೇಲೆ ಮುರಿದುಕೊಂಡೆ. ಸ್ಟೂಲು ಹಿಡಿಯಲು ಒಬ್ಬರಿದ್ದಿದ್ದರೆ ಬೀಳುತ್ತಿರಲಿಲ್ಲ. ಇರಲಿಲ್ಲ, ಬಿದ್ದೆ.

ಪ್ಲಾಸ್ಟರ್ ಬಿಚ್ಚಿದಾಗ ಕೈ ಮಡಚಲೇ ಒಲ್ಲದು. ಮೊಣಕೈಯಷ್ಟು ಮುನಿಸಿನ ಕೀಲು ಮೈಯಲ್ಲಿ ಇನ್ನೊಂದಿಲ್ಲ. ನಾಲ್ಕು ವಾರ ಮಾತಾಡಿಸದಿದ್ದರೆ ಮುಖ ತಿರುಗಿಸಿ ಕೂತುಬಿಡುತ್ತದೆ. ಎಡಗೈಯಲ್ಲಿ ಚಮಚ ಹಿಡಿದರೆ ಅರ್ಧ ಊಟ ಮಡಿಲಿಗೆ. ಜಡೆ ಹೆಣೆಯಲಾಗದೆ ಕೂದಲನ್ನೇ ಕತ್ತರಿಸಿಕೊಂಡೆ. ತಂಗಿ ಫೋನಿನಲ್ಲಿ "ಅಕ್ಕಾ, ಹುಷಾರು ಕಣೇ" ಅಂದಳು. ಬಿದ್ದ ಮೇಲೆ ಹುಷಾರು ಹೇಳುವುದು ಅವಳ ಹಳೇ ಚಾಳಿ.

ವಾರಕ್ಕೆ ಮೂರು ದಿನ, ಹನ್ನೊಂದು ಗಂಟೆಗೆ, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿರುವ ಫಿಸಿಯೋಥೆರಪಿ ಕೋಣೆಗೆ ಹೋಗತೊಡಗಿದೆ. ಅಲ್ಲಿನ ಹುಡುಗಿಗೆ ಮೂವತ್ತು ದಾಟಿದೆ. ನನ್ನ ಲೆಕ್ಕದಲ್ಲಿ ಹುಡುಗಿಯೇ. ಒಂದು ಕೈಯಲ್ಲಿ ನನ್ನ ಮಣಿಕಟ್ಟು, ಇನ್ನೊಂದರಲ್ಲಿ ತೋಳು ಹಿಡಿದು ನಿಧಾನವಾಗಿ ಮಡಚುವಳು. ಆಮೇಲೆ ಕೋನಮಾಪಕ ಇಟ್ಟು ಎಷ್ಟು ಡಿಗ್ರಿ ಎಂದು ಬರೆದುಕೊಳ್ಳುವಳು. ನೂರ ಮೂವತ್ತು ತಲುಪಿದರೆ ಮುಗಿಯಿತು, ಮತ್ತೆ ಬರಬೇಕಿಲ್ಲ ಎಂದು ಮೊದಲ ದಿನವೇ ಹೇಳಿದ್ದಳು. ಕೆಲಸದುದ್ದಕ್ಕೂ ಅವಳ ಬಾಯಿಗೆ ಬಿಡುವಿಲ್ಲ: ಮಗಳ ಹಲ್ಲು ಅಲ್ಲಾಡುತ್ತಿರುವುದು, ಅತ್ತೆ ಟಿ.ವಿ. ರಿಮೋಟನ್ನು ದಿಂಬಿನಡಿ ಬಚ್ಚಿಡುವುದು. ಕ್ಲಾಸಿನಲ್ಲಿ ಪಿಸುಗುಟ್ಟಿದವರನ್ನೂ ಆಚೆ ಅಟ್ಟುತ್ತಿದ್ದ ನಾನು, ಇವಳು ಸುಮ್ಮನಾದರೆ "ಆಮೇಲೆ?" ಅನ್ನುತ್ತಿದ್ದೆ.

ನಿಜ ಹೇಳಿಬಿಡುತ್ತೇನೆ. ಸತ್ತವರ ತೋಳುಗಳನ್ನು ನಾನು ಹಿಡಿದದ್ದಕ್ಕೆ ಲೆಕ್ಕವಿಲ್ಲ. ಬದುಕಿರುವ ಒಬ್ಬರು ನನ್ನ ತೋಳನ್ನು ಅರ್ಧ ಗಂಟೆ ಹಿಡಿದು ಕೂತದ್ದು ನೆನಪೇ ಇಲ್ಲ. ನಡೆಯಲು ಕಲಿಯುವಾಗ ಅಮ್ಮ ಹಿಡಿದಿರಬೇಕು.

ಐದನೇ ವಾರ, ಮುಖ ತೊಳೆದು ಟವೆಲು ತೆಗೆದುಕೊಂಡಾಗ ಬಲಗೈ ತಾನಾಗಿ ಕೆನ್ನೆಗೆ ಬಂತು. ಕುಣಿಯಬೇಕಿತ್ತು. ಬದಲಿಗೆ ಹುಡುಗಿ ಹೇಳಿದ್ದ ನೂರ ಮೂವತ್ತು ನೆನಪಾಯಿತು. ಮಾರನೇ ದಿನ ಆ ಕೋಣೆಯಲ್ಲಿ ಕೈ ತೊಂಬತ್ತೈದಕ್ಕೆ ಬರುತ್ತಲೇ "ಅಯ್ಯೋ, ಸಾಕು" ಅಂದೆ. ಅದರ ಮುಂದಿನ ಸಲವೂ ಅಂದೆ. ಎರಡು ವಾರ ನನ್ನ ಮೊಣಕೈ ತೊಂಬತ್ತೈದರಲ್ಲೇ ಠಿಕಾಣಿ ಹೂಡಿತು. ಹುಡುಗಿ ತನ್ನದೇ ತಪ್ಪೇನೋ ಎಂದು ಹಳೇ ಪುಸ್ತಕ ತೆಗೆದು ಓದಿಕೊಂಡು ಬಂದಳು. ನನಗೆ ನಾಚಿಕೆಯಾಯಿತು, ಆದರೂ "ಅಯ್ಯೋ" ಬಿಡಲಿಲ್ಲ.

ನಿನ್ನೆ ಮಡಚುತ್ತಿದ್ದವಳು ಮಾತು ನಿಲ್ಲಿಸಿದಳು.

"ಮೇಡಂ, ಕೀಲು ತಡೀತಾ ಇಲ್ಲ. ನೀವು ತಡೀತಾ ಇದೀರ."

"ಏನು ಮಾತು ಅಂತ ಆಡ್ತೀಯೇ?" ಎಂದು ಗದರಿದೆ.

"ತೋಳಿನ ಹಿಂದೆ ನನ್ನ ಕೈ ಇದೆಯಲ್ಲ. ಟ್ರೈಸೆಪ್ಸ್ ಕಲ್ಲಾಗಿದೆ. ನಿಜವಾಗ್ಲೂ ಕೀಲು ಗಟ್ಟಿಯಾಗಿದ್ರೆ ಆ ಸ್ನಾಯು ಮೆತ್ತಗೆ ಇರ್ತಿತ್ತು. ಬಾಯಿ ಏನಾದ್ರೂ ಹೇಳಲಿ, ಸ್ನಾಯು ಸುಳ್ಳು ಹೇಳಲ್ಲ."

"ಯಾರು ಹೇಳಿಕೊಟ್ರು ನಿಂಗೆ ಇದನ್ನ?"

"ನೀವೇ. ಎರಡನೇ ವರ್ಷದಲ್ಲಿ. ಒಂದು ಸಲ ಮಾತಾಡಿದ್ದಕ್ಕೆ ಆಚೆಗೂ ಕಳಿಸಿದ್ರಿ."

ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಎರಡು ತಿಂಗಳು ನನ್ನ ಕೈ ಹಿಡಿದು ಕೂತವಳ ಮುಖ ನನಗೆ ಗುರುತೇ ಸಿಕ್ಕಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?"

"ನಿಮಗೆ ನೆನಪಿರಲಿಲ್ಲ. ನಾನೇ ಹೇಳ್ಕೊಂಡ್ರೆ ಚೆನ್ನಾಗಿರಲ್ಲ ಅನ್ನಿಸ್ತು."

"ಮನೇಲಿ ಒಂದು ಮಾತು ಆಡೋರಿಲ್ಲ ಕಣೇ," ಅಂದೆ. "ನಿನ್ನ ಮಗಳ ಹಲ್ಲು ಬಿತ್ತೋ ಇಲ್ವೋ ಅಂತ ಇಡೀ ಭಾನುವಾರ ಯೋಚನೆ ಮಾಡ್ತಾ ಕೂತಿರ್ತೀನಿ."

ಅವಳು ತಲೆ ತಗ್ಗಿಸಿದಳು. 'ಆಗಾಗ ಬನ್ನಿ ಮೇಡಂ', ಇಲ್ಲ 'ನಾನೇ ಬರ್ತೀನಿ' ಅಂತ ಏನಾದರೂ ಅಂದಾಳೆಂದು ಕಾದೆ.

"ಬಿತ್ತು, ಶುಕ್ರವಾರ," ಅಂದಳು. "ಹೀಗೇ ತಡೆದ್ರೆ ಕೈ ನಿಜವಾಗ್ಲೂ ಕೂತುಬಿಡುತ್ತೆ ಮೇಡಂ. ಹೊರಗೆ ಜನ ಕಾಯ್ತಿದಾರೆ." ತನ್ನ ಎರಡೂ ಕೈ ತೆಗೆದಳು. "ನೀವೇ ಮಡಚಿ."

ಮಡಚಿದೆ. ತೊಂಬತ್ತೈದು ದಾಟಿತು, ನೂರ ಮೂವತ್ತೂ ದಾಟಿತು. ನೋವೇನೂ ಇರಲಿಲ್ಲ. ಬೆರಳುಗಳು ಬಂದು ಹೆಗಲ ಮೇಲೆ ಕೂತವು. ಎಷ್ಟು ವರ್ಷವಾಗಿತ್ತೋ ಆ ಹೆಗಲ ಮೇಲೆ ಒಂದು ಕೈ ಬಂದು. ಬೆಚ್ಚಗಿತ್ತು. ನನ್ನದೇ ಕೈ.

ಅವಳು ಅಳೆದಳು, ಬರೆದಳು, ಬಾಗಿಲು ತೆರೆದು ಮುಂದಿನವರನ್ನು ಕರೆದಳು. ನನಗೆ ಹೆಗಲ ಮೇಲಿಂದ ಕೈ ಇಳಿಸಲು ಮನಸ್ಸು ಬರಲಿಲ್ಲ. ಹಾಗೇ ಮೆಟ್ಟಿಲಿಳಿದು ಬಸ್ ಸ್ಟಾಪಿನ ತನಕ ನಡೆದೆ. ಎದುರಿಗೆ ಬಂದವರು, ಪಾಪ, ನೋವಿರಬೇಕು ಎಂದು ದಾರಿ ಬಿಟ್ಟರು.